ಒಂದೇ ಆರ್ಡರ್‌ನಲ್ಲಿ ಹಲವು ವಸ್ತು: ಶಿಪ್ಪಿಂಗ್ ಶುಲ್ಕ ಎಷ್ಟು ಹಾಕಬೇಕು?

ನಿಮ್ಮ ಆನ್‌ಲೈನ್ ಅಂಗಡಿಗೆ ಬಂದ ಗ್ರಾಹಕರೊಬ್ಬರು ಐದು ನೋಟ್‌ಬುಕ್ ಆರಿಸಿ ಕಾರ್ಟ್‌ಗೆ ಹಾಕುತ್ತಾರೆ. ಒಂದಕ್ಕೆ ಶಿಪ್ಪಿಂಗ್ 60 ಎಂದು ನೀವು ಮೊದಲೇ ನಮೂದಿಸಿದ್ದೀರಿ. ಚೆಕ್‌ಔಟ್ ಪುಟ ಅದನ್ನು ಐದರಿಂದ ಗುಣಿಸಿ 300 ತೋರಿಸುತ್ತದೆ. ಐದೂ ಹೋಗುವುದು ಒಂದೇ ಪೆಟ್ಟಿಗೆಯಲ್ಲಿ, ಕೊರಿಯರ್‌ಗೆ ನೀವು ಕಟ್ಟುವುದು 140. ಗ್ರಾಹಕರಿಗೂ ಈ ಲೆಕ್ಕ ಗೊತ್ತಾಗುತ್ತದೆ, ಕಾರ್ಟ್ ಹಾಗೇ ಬಿಟ್ಟು ಹೊರಟುಬಿಡುತ್ತಾರೆ. ಹೆಚ್ಚು ಕೊಳ್ಳಲು ಬಂದವರಿಗೇ ದಂಡ ಹಾಕಿದ ಹಾಗಾಯಿತು. ಇದಕ್ಕೆ ಹೆದರಿ ‘ಎಷ್ಟೇ ಕೊಂಡರೂ ಶಿಪ್ಪಿಂಗ್ 60’ ಎಂದು ಬರೆದರೆ ಅದೇ ಆರ್ಡರ್‌ನಲ್ಲಿ 80 ನಿಮ್ಮ ಕೈಯಿಂದ ಹೋಗುತ್ತದೆ.

ಈ ಎರಡೂ ತಪ್ಪಿಗೆ ಮೂಲ ಒಂದೇ. ಕೊರಿಯರ್‌ನವರು ಎಣಿಸುವುದು ಪಾರ್ಸೆಲ್‌ಗಳನ್ನು. ಒಳಗೆ ಎಷ್ಟು ವಸ್ತು ಇದೆ ಎಂಬುದು ಅವರಿಗೆ ಬೇಕಿಲ್ಲ, ತೂಕ, ಅಳತೆ, ದೂರ ಇಷ್ಟೇ ಬೇಕು. ಹಾಗಾಗಿ ನಿಮ್ಮ ದರವನ್ನೂ ಎರಡು ಭಾಗ ಮಾಡಿ ಯೋಚಿಸಬೇಕು: ಒಂದು ಪಾರ್ಸೆಲ್ ಮನೆಯಿಂದ ಹೊರಡಲು ತಗಲುವ ಖರ್ಚು, ಆಮೇಲೆ ಅದರೊಳಗೆ ಇನ್ನೊಂದು ವಸ್ತು ಸೇರಿದಾಗ ಏರುವ ಖರ್ಚು. ಮೊದಲನೆಯದು ಮೂಲ ಶುಲ್ಕ, ಎರಡನೆಯದು ಹೆಚ್ಚುವರಿ ವಸ್ತುವಿನ ಶುಲ್ಕ. ಇವೆರಡನ್ನೂ ಸರಿಯಾಗಿ ಕಂಡುಕೊಂಡರೆ ಮುಕ್ಕಾಲು ಕೆಲಸ ಮುಗಿದಂತೆ.

ಇಲ್ಲಿ ಬರುವ ಮೊತ್ತಗಳೆಲ್ಲ ಬರೀ ಲೆಕ್ಕ ತೋರಿಸಲು. ಯಾವ ನಾಣ್ಯದಲ್ಲಿ ಬೇಕಾದರೂ ಓದಿಕೊಳ್ಳಿ. ನಿಮ್ಮ ಕೊರಿಯರ್ ಅಥವಾ ಅಂಚೆಯ ದರಪಟ್ಟಿ ಪಕ್ಕದಲ್ಲಿಟ್ಟುಕೊಂಡು ಓದಿದರೆ ಇನ್ನೂ ಒಳ್ಳೆಯದು.

ಹಂತ 1: ಪ್ಯಾಕ್ ಮಾಡಿ, ತೂಗಿ, ಬರೆದಿಡಿ

ವಸ್ತುವಿನ ತೂಕ ಗೊತ್ತಿದ್ದರೆ ಸಾಲದು. ಪೆಟ್ಟಿಗೆ, ಬಬಲ್ ರ‍್ಯಾಪ್, ಟೇಪ್, ಬಿಲ್ಲು ಎಲ್ಲ ಸೇರಿ ಪಾರ್ಸೆಲ್ ಎಷ್ಟು ತೂಗುತ್ತದೆ ಎಂಬುದು ಬೇಕು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಣ್ಣ ಪಾರ್ಸೆಲ್‌ಗಳಿಗೆ ಸಾಕಾಗುತ್ತದೆ. ನಿಮ್ಮಲ್ಲಿ ಹೆಚ್ಚು ಮಾರಾಟವಾಗುವ ವಸ್ತುವನ್ನು ನಿಜವಾಗಿ ಕಳಿಸುವ ಹಾಗೆಯೇ ಪ್ಯಾಕ್ ಮಾಡಿ: ಒಂದು, ಎರಡು, ಮೂರು, ನಾಲ್ಕು, ಐದು. ಪ್ರತಿ ಬಾರಿಯೂ ತೂಕ ಮತ್ತು ಪೆಟ್ಟಿಗೆಯ ಉದ್ದ, ಅಗಲ, ಎತ್ತರ ಬರೆದುಕೊಳ್ಳಿ. ಅಂದಾಜು ಮಾಡಬೇಡಿ. ಎರಡು ಹಿಡಿಯುವ ಪೆಟ್ಟಿಗೆಯಲ್ಲಿ ಮೂರು ಹಿಡಿಯದಿದ್ದರೆ ಖರ್ಚು ಎಲ್ಲಿ ಜಿಗಿಯುತ್ತದೆ ಎಂಬುದು ಪ್ಯಾಕ್ ಮಾಡಿದಾಗಲೇ ಕಣ್ಣಿಗೆ ಬೀಳುವುದು.

ನೋಟ್‌ಬುಕ್‌ನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಒಂದರ ತೂಕ 220 ಗ್ರಾಂ. ಒಂದು ಅಥವಾ ಎರಡಕ್ಕೆ ಪ್ಯಾಕಿಂಗ್ 90 ಗ್ರಾಂ, ಮೂರು–ನಾಲ್ಕಕ್ಕೆ 120, ಐದಕ್ಕೆ 150. ಕೊರಿಯರ್ ದರ 500 ಗ್ರಾಂವರೆಗೆ 60, ಆಮೇಲಿನ ಪ್ರತಿ 500 ಗ್ರಾಂಗೆ 40 ಎಂದಿಟ್ಟುಕೊಳ್ಳಿ.

1 ನೋಟ್‌ಬುಕ್: 310 ಗ್ರಾಂ, ಖರ್ಚು 60
2 ನೋಟ್‌ಬುಕ್: 530 ಗ್ರಾಂ, ಖರ್ಚು 100
3 ನೋಟ್‌ಬುಕ್: 780 ಗ್ರಾಂ, ಖರ್ಚು 100
4 ನೋಟ್‌ಬುಕ್: 1000 ಗ್ರಾಂ, ಖರ್ಚು 100
5 ನೋಟ್‌ಬುಕ್: 1250 ಗ್ರಾಂ, ಖರ್ಚು 140

ಖರ್ಚು ಒಂದೇ ಸಮನೆ ಏರುತ್ತಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತಿದೆ. ಎರಡು ನೋಟ್‌ಬುಕ್‌ನ ಪಾರ್ಸೆಲ್ ಬರೀ 30 ಗ್ರಾಂ ಜಾಸ್ತಿಯಾಗಿ ಮೇಲಿನ ಸ್ಲ್ಯಾಬ್‌ಗೆ, ಅಂದರೆ ದರಪಟ್ಟಿಯ ಮುಂದಿನ ತೂಕದ ಮೆಟ್ಟಿಲಿಗೆ, ಹೋಗಿದೆ. ನಾಲ್ಕರದ್ದು ಗಡಿಯ ಮೇಲೇ ನಿಂತಿದೆ. ನಿಮ್ಮ ತಕ್ಕಡಿ 1000 ತೋರಿಸಿ ಅವರ ತಕ್ಕಡಿ 1005 ತೋರಿಸಿದರೆ ನೀವು 140 ಕಟ್ಟಬೇಕು. ಸ್ಲ್ಯಾಬ್‌ನ ಗಡಿಗಿಂತ ಇಪ್ಪತ್ತು ಗ್ರಾಂ ಆದರೂ ಕೆಳಗಿರುವಂತೆ ಪ್ಯಾಕ್ ಮಾಡುವುದು ಕ್ಷೇಮ.

ದರ ನಿಗದಿಗೆ ಮುನ್ನ ಪ್ಯಾಕಿಂಗ್ ನೋಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಎರಡು ನೋಟ್‌ಬುಕ್‌ಗೆ ಪೆಟ್ಟಿಗೆಯ ಬದಲು ದಪ್ಪ ರಟ್ಟಿನ ಲಕೋಟೆ ಬಳಸಿ ಪ್ಯಾಕಿಂಗ್ ತೂಕವನ್ನು 90ರಿಂದ 40 ಗ್ರಾಂಗೆ ಇಳಿಸಿದರೆ ಪಾರ್ಸೆಲ್ 480 ಗ್ರಾಂ ಆಗುತ್ತದೆ, ಖರ್ಚು 100ರಿಂದ 60ಕ್ಕೆ ಇಳಿಯುತ್ತದೆ. ಎರಡನೆಯ ನೋಟ್‌ಬುಕ್ ಆಗ ಸಾಗಣೆ ಖರ್ಚಿಲ್ಲದೆ ಹೋಗುತ್ತದೆ! ಮೂಲೆ ಮುದುಡದಂತೆ ಕಳಿಸಲು ಆ ಲಕೋಟೆ ಗಟ್ಟಿಯಿದೆಯೇ ಎಂದು ಮಾತ್ರ ಮೊದಲು ಪರೀಕ್ಷಿಸಿ. ಹಾಳಾಗಿ ವಾಪಸ್ ಬಂದ ಒಂದು ಪಾರ್ಸೆಲ್ ಇಂಥ ಉಳಿತಾಯವನ್ನೆಲ್ಲ ನುಂಗಿಬಿಡುತ್ತದೆ.

ಹಂತ 2: ಗಾತ್ರದ ತೂಕ ಲೆಕ್ಕ ಹಾಕಿ

ಹಗುರವಾದ, ಆದರೆ ಜಾಗ ಹಿಡಿಯುವ ವಸ್ತು ಮಾರುವವರು ಈ ಹಂತವನ್ನು ಬಿಡಲೇಬಾರದು. ಬಹುತೇಕ ಕೊರಿಯರ್ ಸಂಸ್ಥೆಗಳು ತಕ್ಕಡಿಯ ತೂಕ, ಗಾತ್ರದ ತೂಕ ಎರಡನ್ನೂ ನೋಡಿ ಯಾವುದು ಹೆಚ್ಚೋ ಅದಕ್ಕೆ ಹಣ ಹಾಕುತ್ತವೆ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂ.ಮೀ.ನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಕೆಜಿಯಲ್ಲಿ ಗಾತ್ರದ ತೂಕ ಸಿಗುತ್ತದೆ. 5000 ಹೆಚ್ಚು ಬಳಕೆಯಲ್ಲಿರುವ ಭಾಜಕ. ಕೆಲವರು 4000 ಅಥವಾ 6000 ಬಳಸುತ್ತಾರೆ, ಹಾಗಾಗಿ ನಿಮ್ಮ ಒಪ್ಪಂದದಲ್ಲಿ ಯಾವುದಿದೆ ಎಂದು ಕೇಳಿ ತಿಳಿದುಕೊಳ್ಳಿ. ಭಾಜಕ ಚಿಕ್ಕದಾದಷ್ಟೂ ನಿಮಗೆ ಬೀಳುವ ಹಣ ಹೆಚ್ಚು.

ಒಂದು ಲ್ಯಾಂಪ್‌ಶೇಡ್ 30 × 20 × 15 ಸೆಂ.ಮೀ. ಪೆಟ್ಟಿಗೆಯಲ್ಲಿ ಹೋಗುತ್ತದೆ ಎನ್ನಿ. ಗುಣಿಸಿದರೆ 9000, 5000ದಿಂದ ಭಾಗಿಸಿದರೆ 1.8 ಕೆಜಿ. ತಕ್ಕಡಿಯಲ್ಲಿ ಅದು 700 ಗ್ರಾಂ ಇದ್ದರೂ ಹಣ ಬೀಳುವುದು 1.8 ಕೆಜಿಗೆ, ಸ್ಲ್ಯಾಬ್ 500 ಗ್ರಾಂನದ್ದಾದರೆ 2 ಕೆಜಿಗೆ. ಈಗ ಅಂಥವು ಎರಡು ಬೇಕು ಎಂದು ಆರ್ಡರ್ ಬಂದರೆ? ಒಂದರೊಳಗೆ ಇನ್ನೊಂದು ಕೂರುವ ಆಕಾರವಾದರೆ ಪೆಟ್ಟಿಗೆ ಅಷ್ಟೇ ಇರುತ್ತದೆ, ಎರಡನೆಯದಕ್ಕೆ ಖರ್ಚು ಹೆಚ್ಚೂಕಡಿಮೆ ಸೊನ್ನೆ. ಕೂರದಿದ್ದರೆ ಪೆಟ್ಟಿಗೆ ಇಮ್ಮಡಿಯಾಗಿ 3.6 ಕೆಜಿ ಲೆಕ್ಕ ಬೀಳುತ್ತದೆ, ಒಟ್ಟಿಗೆ ಕಳಿಸಿದರೂ ದೊಡ್ಡ ಉಳಿತಾಯ ಇರುವುದಿಲ್ಲ. ವಸ್ತು ಅದೇ, ತೂಕ ಅದೇ, ಜೋಡಿಸುವ ರೀತಿ ಬದಲಾದರೆ ಹೆಚ್ಚುವರಿ ಶುಲ್ಕವೇ ಬೇರೆ. ‘ಎರಡನೆಯದಕ್ಕೆ ಅರ್ಧ ಶುಲ್ಕ’ ಎಂದು ಎಲ್ಲ ವಸ್ತುವಿಗೂ ಕಣ್ಣುಮುಚ್ಚಿ ಹಾಕುವುದು ಇದರಿಂದಲೇ ಕೈ ಕೊಡುತ್ತದೆ.

ಹಂತ 3: ಮೂಲ ಶುಲ್ಕ, ಹೆಚ್ಚುವರಿ ಶುಲ್ಕ ಕಂಡುಕೊಳ್ಳಿ

ಮೂಲ ಶುಲ್ಕಕ್ಕೆ ಒಂದೇ ವಸ್ತುವಿನ ಪಾರ್ಸೆಲ್‌ಗೆ ತಗಲುವ ಕೊರಿಯರ್ ಹಣ, ಪೆಟ್ಟಿಗೆ, ಟೇಪ್, ಲೇಬಲ್‌ಗಳ ಖರ್ಚು ಸೇರಿಸಿ. ಪಾರ್ಸೆಲ್ ಒಂದಕ್ಕೆ ಒಂದೇ ಬಾರಿ ಬರುವ ಖರ್ಚೆಲ್ಲ ಇಲ್ಲಿಗೇ ಸೇರಬೇಕು. ಪ್ಯಾಕಿಂಗ್ ಖರ್ಚನ್ನು ವಸ್ತುವಿನ ಬೆಲೆಯಲ್ಲಿ ಮೊದಲೇ ಸೇರಿಸಿದ್ದರೆ ಇಲ್ಲಿ ಮತ್ತೆ ಸೇರಿಸಬೇಡಿ.

ಹೆಚ್ಚುವರಿ ಶುಲ್ಕಕ್ಕೆ ಸುಲಭದ ದಾರಿ ಸರಾಸರಿ. ಮೇಲಿನ ಪಟ್ಟಿಯಲ್ಲಿ ಒಂದರಿಂದ ಐದಕ್ಕೆ ಹೋದಾಗ ಖರ್ಚು 60ರಿಂದ 140ಕ್ಕೆ ಏರಿತು. ನಾಲ್ಕು ಹೆಚ್ಚುವರಿ ವಸ್ತುಗಳಿಗೆ 80, ಅಂದರೆ ಒಂದಕ್ಕೆ 20. ಇದು ಕಾಗದದ ಮೇಲೆ ಸರಿ. ಆದರೆ ಜನ ಒಂದರಿಂದ ಐದರವರೆಗೆ ಸಮನಾಗಿ ಕೊಳ್ಳುವುದಿಲ್ಲವಲ್ಲ. ನಿಮ್ಮ ಹಳೆಯ ಆರ್ಡರ್‌ಗಳನ್ನು ತೆಗೆದು ನೋಡಿ. ಒಂದಕ್ಕಿಂತ ಹೆಚ್ಚು ವಸ್ತುವಿನ ಹತ್ತು ಆರ್ಡರ್‌ಗಳಲ್ಲಿ ಆರು ಎರಡರದ್ದು, ಮೂರು ಮೂರರದ್ದು, ಒಂದು ನಾಲ್ಕರದ್ದು ಎಂದುಕೊಳ್ಳೋಣ. ಹೆಚ್ಚುವರಿ ಶುಲ್ಕ 20 ಇಟ್ಟರೆ ಎರಡರ ಆರ್ಡರ್‌ಗೆ ಗ್ರಾಹಕರು ಕೊಡುವುದು 80, ನಿಮ್ಮ ಖರ್ಚು 100. ಆರು ಆರ್ಡರ್‌ಗೆ 120 ನಷ್ಟ. ಮೂರರದ್ದು ಸರಿಸಮ. ನಾಲ್ಕರದ್ದರಲ್ಲಿ 20 ಉಳಿಯುತ್ತದೆ. ಒಟ್ಟಿನಲ್ಲಿ 100 ನಷ್ಟ. 25ಕ್ಕೆ ಏರಿಸಿದರೆ ನಷ್ಟ 25ಕ್ಕೆ ಇಳಿಯುತ್ತದೆ. 30 ಇಟ್ಟರೆ 50 ಉಳಿಯುತ್ತದೆ.

ಈಗ ರಟ್ಟಿನ ಲಕೋಟೆಗೆ ಬನ್ನಿ. ಎರಡರ ಖರ್ಚು 60ಕ್ಕೆ ಇಳಿದ ಮೇಲೆ ಇದೇ ಹತ್ತು ಆರ್ಡರ್‌ಗೆ ಹೆಚ್ಚುವರಿ ಶುಲ್ಕ 10 ಇಟ್ಟರೂ ಕೈಬಿಟ್ಟು ಹೋಗುವುದು ಬರೀ 10. 15 ಇಟ್ಟರೆ 65 ಉಳಿಯುತ್ತದೆ. ಗ್ರಾಹಕರ ಬಳಿ 30 ಕೇಳಬೇಕಿದ್ದಲ್ಲಿ 15 ಕೇಳಿದರೆ ಸಾಕು. ದರವನ್ನು ಎಷ್ಟೇ ಜಾಣತನದಿಂದ ಇಟ್ಟರೂ ಇಷ್ಟು ವ್ಯತ್ಯಾಸ ಬರುವುದಿಲ್ಲ.

ಪ್ರತಿ ಆರ್ಡರ್‌ನಲ್ಲೂ ಖರ್ಚು–ಶುಲ್ಕ ಚುಕ್ತಾ ಆಗಬೇಕು ಎಂದು ಹಟ ಹಿಡಿಯಬೇಡಿ. ತಿಂಗಳ ಕೊನೆಗೆ ಒಟ್ಟು ಸರಿದೂಗಿದರೆ ಸಾಕು. ಅನುಮಾನವಿದ್ದಾಗ ಮೂಲ ಶುಲ್ಕವನ್ನು ತುಸು ಏರಿಸಿ ಹೆಚ್ಚುವರಿಯನ್ನು ಕಡಿಮೆ ಇಡುವುದು ನನ್ನ ಆಯ್ಕೆ. ಕಾರ್ಟ್‌ಗೆ ಇನ್ನೊಂದು ವಸ್ತು ಹಾಕುವ ಕ್ಷಣದಲ್ಲಿ ಗ್ರಾಹಕರು ನೋಡುವುದು ಶುಲ್ಕ ಎಷ್ಟು ಏರಿತು ಎಂಬುದನ್ನೇ.

ಹಂತ 4: ಬೇರೆ ಬೇರೆ ವಸ್ತು ಒಟ್ಟಿಗೆ ಬಂದಾಗ

ಒಂದೇ ಬಗೆಯ ವಸ್ತುವಾದರೆ ಇಷ್ಟಕ್ಕೆ ಮುಗಿಯಿತು. ಮಗ್ ಒಂದು, ಸ್ಟಿಕ್ಕರ್ ಎರಡು ಎಂದು ಆರ್ಡರ್ ಬಂದಾಗ ಪ್ರಶ್ನೆ ಏಳುತ್ತದೆ: ಯಾವುದು ‘ಮೊದಲ’ ವಸ್ತು? ಮಗ್‌ಗೆ ಮೂಲ 90, ಹೆಚ್ಚುವರಿ 50. ಸ್ಟಿಕ್ಕರ್‌ಗೆ ಮೂಲ 40, ಹೆಚ್ಚುವರಿ 5. ಯಾವುದರ ಮೂಲ ಶುಲ್ಕ ಹೆಚ್ಚೋ ಅದನ್ನು ಮೊದಲನೆಯದೆಂದು ಹಿಡಿದು ಉಳಿದವಕ್ಕೆ ಅವುಗಳ ಹೆಚ್ಚುವರಿ ಶುಲ್ಕ ಸೇರಿಸುವುದು ಸರಿಯಾದ ಕ್ರಮ. 90 + 5 + 5 = 100. ಕರಕುಶಲ ವಸ್ತುಗಳ ಮಾರಾಟಕ್ಕೆ ಹೆಸರಾದ ಎಟ್ಸಿ ಜಾಲತಾಣದಲ್ಲಿ ಶಿಪ್ಪಿಂಗ್ ಪ್ರೊಫೈಲ್‌ಗಳು (ವಸ್ತುಗಳಿಗೆ ನೀವು ಇಡುವ ಶಿಪ್ಪಿಂಗ್ ದರದ ಪಟ್ಟಿಗಳು) ನಡೆಯುವುದು ಹೀಗೆಯೇ. ನೀವು ಪ್ರತಿ ವಸ್ತುವಿಗೂ ಎರಡು ಅಂಕಿ ಕೊಟ್ಟರೆ ಸಾಕು, ಕೂಡುವ ಕೆಲಸ ಅದೇ ಮಾಡಿಕೊಳ್ಳುತ್ತದೆ. ವಾಟ್ಸಾಪ್‌ನಲ್ಲೋ ಇನ್‌ಸ್ಟಾಗ್ರಾಂನಲ್ಲೋ ಆರ್ಡರ್ ತೆಗೆದುಕೊಂಡು ಕೈಯಲ್ಲೇ ಬಿಲ್ ಮಾಡುವವರೂ ಇದೇ ನಿಯಮ ಹಿಡಿದರೆ ಒಬ್ಬರಿಗೊಂದು ದರ ಹೇಳುವ ಮುಜುಗರ ಇರುವುದಿಲ್ಲ.

ತೊಡಕು ಬರುವುದು ಒಂದೇ ಪೆಟ್ಟಿಗೆಯಲ್ಲಿ ಹೋಗದ ವಸ್ತುಗಳಿಂದ. ಪೋಸ್ಟರ್ ಹೋಗುವುದು ಕೊಳವೆಯಲ್ಲಿ, ಮಗ್ ಹೋಗುವುದು ಪೆಟ್ಟಿಗೆಯಲ್ಲಿ. ಪೋಸ್ಟರ್‌ಗೆ ಮೂಲ 80, ಹೆಚ್ಚುವರಿ 10 ಇದ್ದರೆ ಎರಡೂ ಸೇರಿದ ಆರ್ಡರ್‌ಗೆ ವ್ಯವಸ್ಥೆ 90 + 10 = 100 ತೋರಿಸುತ್ತದೆ. ನಿಜವಾಗಿ ಎರಡು ಪಾರ್ಸೆಲ್, ಖರ್ಚು 170. ಸರಿಪಡಿಸಲೆಂದು ಪೋಸ್ಟರ್‌ನ ಹೆಚ್ಚುವರಿಯನ್ನು 80ಕ್ಕೆ ಏರಿಸಿದಿರೋ, ಎರಡು ಪೋಸ್ಟರ್ ಕೊಂಡವರು 90 ಕೊಡಬೇಕಾದಲ್ಲಿ 160 ಕೊಡಬೇಕಾಗುತ್ತದೆ. ಇಂಥ ಕಡೆ ಪೋಸ್ಟರ್ ಜೋಡಿಯನ್ನು, ಮೂರರ ಸೆಟ್ಟನ್ನು ಪ್ರತ್ಯೇಕ ಉತ್ಪನ್ನವಾಗಿಯೇ ಪಟ್ಟಿಗೆ ಹಾಕಿ. ಬಿಡಿ ಪೋಸ್ಟರ್‌ನ ಹೆಚ್ಚುವರಿ ಶುಲ್ಕ ಹೆಚ್ಚೇ ಇರಲಿ, ಒಂದಕ್ಕಿಂತ ಹೆಚ್ಚು ಬೇಕಾದವರು ಸೆಟ್ ಕೊಳ್ಳಲಿ ಎಂದು ವಿವರಣೆಯಲ್ಲಿ ಬರೆಯಿರಿ. ಮಗ್ ಮತ್ತು ಪೋಸ್ಟರ್ ಒಟ್ಟಿಗೆ ಬರುವುದು ವರ್ಷಕ್ಕೆ ಎರಡು ಮೂರು ಬಾರಿ ಮಾತ್ರವಾದರೆ ಇಷ್ಟು ಕಷ್ಟಪಡದೆ ಆ ನಷ್ಟವನ್ನು ನುಂಗಿಕೊಳ್ಳುವುದೇ ಮೇಲು.

ಸ್ವಂತ ವೆಬ್‌ಸೈಟ್ ಇದ್ದವರಿಗೆ ಇದು ಸುಲಭ. ಆನ್‌ಲೈನ್ ಅಂಗಡಿ ಕಟ್ಟಿಕೊಳ್ಳಲು ಬಳಸುವ ಶಾಪಿಫೈನಲ್ಲಿ ಬೇರೆ ಬೇರೆ ಶಿಪ್ಪಿಂಗ್ ಪ್ರೊಫೈಲ್‌ಗೆ ಸೇರಿದ ವಸ್ತುಗಳು ಒಂದೇ ಆರ್ಡರ್‌ನಲ್ಲಿ ಬಂದರೆ ಎರಡೂ ಪ್ರೊಫೈಲ್‌ಗಳ ಶುಲ್ಕ ಕೂಡಿಬಿಡುತ್ತದೆ. ಕೊಳವೆಯಲ್ಲಿ ಹೋಗುವುದಕ್ಕೆ ಒಂದು ಪ್ರೊಫೈಲ್, ಪೆಟ್ಟಿಗೆಯಲ್ಲಿ ಹೋಗುವುದಕ್ಕೆ ಇನ್ನೊಂದು ಎಂದರೆ ಲೆಕ್ಕ ತಾನಾಗಿಯೇ ಸರಿಹೋಗುತ್ತದೆ. ಇದೇ ಕಾರಣಕ್ಕೆ ಒಂದೇ ಪೆಟ್ಟಿಗೆಯಲ್ಲಿ ಹೋಗುವ ವಸ್ತುಗಳನ್ನು ಬೇರೆ ಬೇರೆ ಪ್ರೊಫೈಲ್‌ಗೆ ಹಂಚಬೇಡಿ, ಗ್ರಾಹಕರು ಎರಡೆರಡು ಬಾರಿ ಶುಲ್ಕ ಕೊಡಬೇಕಾಗುತ್ತದೆ. ಇಂಥದೇ ಇನ್ನೊಂದು ಸಾಧನವಾದ ವೂಕಾಮರ್ಸ್‌ನಲ್ಲಿ ಶಿಪ್ಪಿಂಗ್ ಕ್ಲಾಸ್‌ಗಳಿವೆ, ಅಂದರೆ ಒಂದೇ ರೀತಿ ಸಾಗುವ ವಸ್ತುಗಳ ಗುಂಪುಗಳು. ಫ್ಲ್ಯಾಟ್ ರೇಟ್ (ನಿಗದಿತ ದರ) ಸೆಟ್ಟಿಂಗ್‌ನಲ್ಲಿ ಪ್ರತಿ ಕ್ಲಾಸ್‌ಗೂ ಶುಲ್ಕ ಹಾಕಬೇಕೋ, ಆರ್ಡರ್‌ನಲ್ಲಿರುವ ಅತಿ ದುಬಾರಿ ಕ್ಲಾಸ್‌ನ ಶುಲ್ಕ ಮಾತ್ರ ಹಾಕಬೇಕೋ ಎಂದು ಕೇಳುತ್ತದೆ. ಎಲ್ಲವೂ ಒಂದೇ ಪಾರ್ಸೆಲ್‌ನಲ್ಲಿ ಹೋಗುವುದಾದರೆ ಎರಡನೆಯದನ್ನು ಆರಿಸಿ.

ಹಂತ 5: ತೂಕದ ದರ ಇಡುವವರು ಗಮನಿಸಬೇಕಾದದ್ದು

ಹತ್ತಾರು ಬಗೆಯ ವಸ್ತು ಮಾರುವವರಿಗೆ ಪ್ರತಿಯೊಂದಕ್ಕೂ ಎರಡು ಅಂಕಿ ಇಡುವುದು ತಲೆನೋವು. ಅವರು ಒಟ್ಟು ಕಾರ್ಟ್‌ನ ತೂಕಕ್ಕೆ ದರ ಇಡುವುದು ಒಳ್ಳೆಯದು: 500 ಗ್ರಾಂವರೆಗೆ ಇಷ್ಟು, 1 ಕೆಜಿವರೆಗೆ ಇಷ್ಟು, 1.5 ಕೆಜಿವರೆಗೆ ಇಷ್ಟು. ಇದರಲ್ಲಿ ಒಂದು ಹಳ್ಳ ಇದೆ. ಒಂದೊಂದು ವಸ್ತುವಿನ ತೂಕದ ಜಾಗದಲ್ಲೂ ಪ್ಯಾಕಿಂಗ್ ತೂಕ ಸೇರಿಸಿ ತುಂಬಿದರೆ ಐದು ವಸ್ತುವಿನ ಕಾರ್ಟ್‌ನಲ್ಲಿ ಐದು ಪೆಟ್ಟಿಗೆಯ ತೂಕ ಸೇರಿಕೊಳ್ಳುತ್ತದೆ. ಮೇಲಿನ ನೋಟ್‌ಬುಕ್‌ಗಳನ್ನೇ 310 ಗ್ರಾಂ ಎಂದು ತುಂಬಿದರೆ ಐದರ ತೂಕ 1550 ಆಗುತ್ತದೆ, ನಿಜವಾದ ಪಾರ್ಸೆಲ್ 1250. ಒಂದು ಸ್ಲ್ಯಾಬ್ ಮೇಲೆ! ಬರೀ ವಸ್ತುವಿನ ತೂಕವನ್ನೇ ಹಾಕಿ, ಪ್ಯಾಕಿಂಗ್ ತೂಕಕ್ಕಾಗಿ ಸ್ಲ್ಯಾಬ್‌ಗಳ ಗಡಿಯನ್ನು ಕೆಳಗೆ ಎಳೆಯಿರಿ. ಪ್ಯಾಕಿಂಗ್ ಸುಮಾರು 100 ಗ್ರಾಂ ಇದ್ದರೆ ನಿಮ್ಮ ಮೊದಲ ಸ್ಲ್ಯಾಬ್ 500ರ ಬದಲು 400 ಗ್ರಾಂಗೆ ಮುಗಿಯಲಿ.

ಗಾತ್ರದ ತೂಕ ಹೆಚ್ಚು ಬರುವ ವಸ್ತುವಿಗೆ ಮಾತ್ರ ತಕ್ಕಡಿಯ ತೂಕದ ಜಾಗದಲ್ಲಿ ಗಾತ್ರದ ತೂಕವನ್ನೇ ತುಂಬಬಹುದು.

ಹಂತ 6: ಮಾರಾಟದ ವೇದಿಕೆ ಹಿಡಿಯುವ ಹಣ

ಎಟ್ಸಿ 2018ರಿಂದ, ಇಬೇ ಇನ್ನೂ ಹಿಂದಿನಿಂದ, ವಸ್ತುವಿನ ಬೆಲೆಯ ಜೊತೆಗೆ ಶಿಪ್ಪಿಂಗ್ ಶುಲ್ಕದ ಮೇಲೂ ತಮ್ಮ ಕಮಿಷನ್ ಹಿಡಿಯುತ್ತಿವೆ. ಎಟ್ಸಿಯ ವಹಿವಾಟು ಶುಲ್ಕ 2022ರ ಏಪ್ರಿಲ್‌ನಲ್ಲಿ ಶೇ 6.5ಕ್ಕೆ ಏರಿತು. ಅಂದರೆ ಶಿಪ್ಪಿಂಗ್ ಎಂದು 100 ಪಡೆದರೆ ಕೈಗೆ ಬರುವುದು 93.5. ಪೂರ್ತಿ 100 ಉಳಿಯಬೇಕಾದರೆ 100ನ್ನು 0.935ರಿಂದ ಭಾಗಿಸಿ ಸುಮಾರು 107 ಇಡಬೇಕು. ಹಣ ಪಾವತಿಯ ಗೇಟ್‌ವೇ ಹಿಡಿಯುವುದು ಇದರ ಮೇಲೆ ಬೇರೆ. ಸಾಗಣೆ ಶುಲ್ಕಕ್ಕೂ ತೆರಿಗೆ ಬೀಳುವ ಕಡೆ ಲೆಕ್ಕ ಬರೆಯುವವರನ್ನು ಒಮ್ಮೆ ಕೇಳಿಕೊಳ್ಳಿ.

ಹಂತ 7: ಫ್ರೀ ಶಿಪ್ಪಿಂಗ್‌ನ ಗಡಿ ಎಲ್ಲಿಡಬೇಕು?

‘ಇಷ್ಟಕ್ಕಿಂತ ಹೆಚ್ಚು ಕೊಂಡರೆ ಶಿಪ್ಪಿಂಗ್ ಉಚಿತ’ ಎಂಬುದು ಹಲವು ವಸ್ತು ಕೊಳ್ಳುವಂತೆ ಮಾಡಲು ಚೆನ್ನಾಗಿ ನಡೆಯುವ ಉಪಾಯ. ಆದರೆ ಗಡಿಯನ್ನು ಪಕ್ಕದ ಅಂಗಡಿ ನೋಡಿ ಇಡಬೇಡಿ. ನಿಮ್ಮ ಸರಾಸರಿ ಆರ್ಡರ್ ಮೊತ್ತ 500, ಲಾಭಾಂಶ ಶೇ 40, ಒಂದು ಪಾರ್ಸೆಲ್‌ಗೆ ಖರ್ಚು 100 ಎಂದಿರಲಿ. ಗಡಿ 700 ಇಟ್ಟರೆ ಗ್ರಾಹಕರು ಹೆಚ್ಚಾಗಿ ಕೊಳ್ಳುವ 200ರಲ್ಲಿ ನಿಮಗೆ ಉಳಿಯುವುದು 80. ಮೊದಲು ಅವರೇ ಕೊಡುತ್ತಿದ್ದ 100ನ್ನು ಈಗ ನೀವು ಕೊಡುತ್ತಿದ್ದೀರಿ. ಪ್ರತಿ ಆರ್ಡರ್‌ಗೂ 20 ಕಡಿಮೆ. ಗಡಿ 750 ಇಟ್ಟರೆ 250ರ ಶೇ 40 ಸರಿಯಾಗಿ 100, ಅಲ್ಲಿಗೆ ಸಮ. ಹೆಚ್ಚಾದ ವಸ್ತುವಿನಿಂದ ಪಾರ್ಸೆಲ್ ಮುಂದಿನ ಸ್ಲ್ಯಾಬ್‌ಗೆ ಹೋಗುವ ಸಾಧ್ಯತೆ ಇದ್ದರೆ ಗಡಿ ಇನ್ನೂ ಸ್ವಲ್ಪ ಮೇಲೆ ಹೋಗಬೇಕು.

ಉಚಿತ ಎಂದು ಹೇಳದೆಯೂ 750 ಮೀರಿ ಕೊಳ್ಳುತ್ತಿದ್ದವರಿಗೆ ಇನ್ನು ಮೇಲೆ ಶಿಪ್ಪಿಂಗ್ ಉಚಿತ. ಅವರು ನಿಮ್ಮ ಆರ್ಡರ್‌ಗಳಲ್ಲಿ ಎಷ್ಟು ಪಾಲು ಎಂದು ನೋಡಿ. ಅರ್ಧದಷ್ಟಿದ್ದರೆ ಈ ಯೋಜನೆ ಲಾಭಕ್ಕೆ ಬರುವುದು ಕಷ್ಟ. ಬಹಳ ದೂರದ ವಲಯಗಳನ್ನು, ಭಾರದ ವಸ್ತುಗಳನ್ನು ಇದರಿಂದ ಹೊರಗಿಡುವುದಿದ್ದರೆ ಗಡಿಯ ಪಕ್ಕದಲ್ಲೇ, ಅದೇ ಅಕ್ಷರ ಗಾತ್ರದಲ್ಲಿ ಬರೆಯಿರಿ. ಚೆಕ್‌ಔಟ್‌ಗೆ ಬಂದ ಮೇಲೆ ‘ನಿಮ್ಮ ಊರಿಗೆ ಅನ್ವಯಿಸುವುದಿಲ್ಲ’ ಎಂದು ಓದಿಸುವುದು ಅನ್ಯಾಯ.

ಹಂತ 8: ಮೊದಲೇ ಹೇಳಿ

ಆನ್‌ಲೈನ್ ಕೊಳ್ಳುವವರು ಕಾರ್ಟ್ ಬಿಟ್ಟು ಹೋಗುವುದೇಕೆ ಎಂಬ ಬಗ್ಗೆ ಆನ್‌ಲೈನ್ ಅಂಗಡಿಗಳನ್ನು ಅಧ್ಯಯನ ಮಾಡುವ ಬೇಮಾರ್ಡ್ ಸಂಸ್ಥೆಯ ಸಮೀಕ್ಷೆಗಳಲ್ಲಿ ಮತ್ತೆ ಮತ್ತೆ ಮೇಲೆ ಬರುವ ಕಾರಣ, ಕೊನೆಯಲ್ಲಿ ಸೇರುವ ಶಿಪ್ಪಿಂಗ್, ತೆರಿಗೆಯಂಥ ಹೆಚ್ಚುವರಿ ಖರ್ಚು. ಹಾಗಾಗಿ ನಿಮ್ಮ ದರ ವಸ್ತುವಿನ ಪುಟದಲ್ಲೇ ಕಾಣಬೇಕು. ಉದ್ದದ ನಿಯಮಾವಳಿ ಬೇಡ, ಒಂದು ಸಾಲು ಸಾಕು: ‘ಮೊದಲ ನೋಟ್‌ಬುಕ್‌ಗೆ ಶಿಪ್ಪಿಂಗ್ 60, ಜೊತೆಗೆ ಕೊಳ್ಳುವ ಪ್ರತಿಯೊಂದಕ್ಕೂ 15 ಮಾತ್ರ.’ ಓದಿದವರು ಎರಡನೆಯದನ್ನು ಕಾರ್ಟ್‌ಗೆ ಹಾಕಲು ಅದೇ ಕಾರಣವಾಗಬಹುದು.

ಕೆಲವು ಪ್ರಶ್ನೆಗಳಿಗೆ ಉತ್ತರವನ್ನು ಜಗಳ ಬರುವ ಮೊದಲೇ ಬರೆದಿಡಿ. ಒಂದು ವಸ್ತು ಸಿದ್ಧವಿದೆ, ಇನ್ನೊಂದು ವಾರವಾದ ಮೇಲೆ ಸಿಗುತ್ತದೆ ಎಂದು ನೀವಾಗಿ ಎರಡು ಬಾರಿ ಕಳಿಸಿದರೆ ಎರಡನೆಯ ಪಾರ್ಸೆಲ್ ಖರ್ಚು ನಿಮ್ಮದು, ಗ್ರಾಹಕರೇ ಬೇಗ ಬೇಕೆಂದು ಕೇಳಿದರೆ ಅವರದು. ಫ್ರೀ ಶಿಪ್ಪಿಂಗ್‌ನ ಗಡಿ ಮುಟ್ಟಿದ ಆರ್ಡರ್‌ನಲ್ಲಿ ಒಂದು ವಸ್ತು ವಾಪಸ್ ಬಂದು ಮೊತ್ತ ಗಡಿಯಿಂದ ಕೆಳಗಿಳಿದರೆ ವಾಪಸ್ ಕೊಡುವ ಹಣದಲ್ಲಿ ಶಿಪ್ಪಿಂಗ್ ಶುಲ್ಕ ಕಡಿಯುತ್ತೀರೋ ಇಲ್ಲವೋ? ಯಾವುದಾದರೂ ಸರಿ, ಆದರೆ ಕೊಳ್ಳುವ ಮೊದಲೇ ಅವರಿಗೆ ಗೊತ್ತಿರಬೇಕು. ವಸ್ತು ಒಡೆದು ಹೋಗಿ ವಾಪಸ್ ಬಂದಿದ್ದರಂತೂ ಕಡಿಯಲೇಬೇಡಿ. ಬೇರೆ ದೇಶಕ್ಕೆ ಕಳಿಸುವವರು ಇನ್ನೊಂದನ್ನೂ ನೋಡಬೇಕು: ಪಾರ್ಸೆಲ್ ಮೌಲ್ಯ ಒಂದು ಮಿತಿ ದಾಟಿದರೆ ಅಲ್ಲಿನ ಸುಂಕದ ಲೆಕ್ಕ ಬದಲಾಗಬಹುದು, ಹಾಗಾಗಿ ಎಲ್ಲವನ್ನೂ ಒಂದೇ ಪೆಟ್ಟಿಗೆಗೆ ತುಂಬುವ ಮೊದಲು ಆ ದೇಶದ ಈಗಿನ ನಿಯಮ ಓದಿಕೊಳ್ಳಿ.

ಹಂತ 9: ನೀವೇ ಗ್ರಾಹಕರಾಗಿ ಕಾರ್ಟ್ ತುಂಬಿ ನೋಡಿ

ದರಗಳನ್ನು ಸೆಟ್ಟಿಂಗ್‌ನಲ್ಲಿ ಸೇವ್ ಮಾಡಿದ ಮೇಲೆ ಬೇರೆ ಬ್ರೌಸರ್‌ನಲ್ಲಿ, ಲಾಗಿನ್ ಆಗದೆ, ನಿಮ್ಮ ಅಂಗಡಿಗೆ ಹೋಗಿ. ಒಂದು ವಸ್ತು, ಎರಡು, ಐದು, ಒಟ್ಟಿಗೆ ಹೋಗುವ ಎರಡು ಬಗೆ, ಒಟ್ಟಿಗೆ ಹೋಗದ ಎರಡು ಬಗೆ, ಅತಿ ದೂರದ ವಿಳಾಸ, ಫ್ರೀ ಶಿಪ್ಪಿಂಗ್ ಗಡಿಗಿಂತ ಸ್ವಲ್ಪ ಕೆಳಗಿನ ಮೊತ್ತ, ಸ್ವಲ್ಪ ಮೇಲಿನ ಮೊತ್ತ. ಪ್ರತಿಯೊಂದಕ್ಕೂ ಪುಟ ತೋರಿಸಿದ ಶುಲ್ಕವನ್ನು ನಿಮ್ಮ ಪಟ್ಟಿಯ ಖರ್ಚಿನ ಪಕ್ಕ ಬರೆಯಿರಿ. ಕೂಪನ್ ಕೊಡುವ ರೂಢಿ ಇದ್ದರೆ ಕೂಪನ್ ಹಾಕಿಯೂ ನೋಡಿ. ರಿಯಾಯಿತಿ ಕಳೆದ ಮೇಲಿನ ಮೊತ್ತಕ್ಕೆ ಗಡಿ ಅನ್ವಯವಾಗುತ್ತದೋ, ಮೊದಲಿನ ಮೊತ್ತಕ್ಕೋ ಎಂಬುದು ಅಲ್ಲೇ ತಿಳಿಯುತ್ತದೆ.

ಆಮೇಲೆ ತಿಂಗಳಿಗೊಮ್ಮೆ ಕೊರಿಯರ್ ಬಿಲ್ಲು ತೆರೆದು, ಪಡೆದ ಶುಲ್ಕದ ಮೊತ್ತ ಮತ್ತು ಕಟ್ಟಿದ ಮೊತ್ತ ಹೋಲಿಸಿ. ಬಿಲ್ಲಿನಲ್ಲಿರುವ ತೂಕ ನೀವು ಬರೆದುಕೊಂಡದ್ದಕ್ಕಿಂತ ಹೆಚ್ಚಿದ್ದರೆ ಪ್ಯಾಕ್ ಮಾಡಿದ ಪೆಟ್ಟಿಗೆ ತಕ್ಕಡಿಯ ಮೇಲಿರುವ ಫೋಟೊ ನಿಮ್ಮ ಬಳಿ ಇರಬೇಕು, ತಕರಾರು ಸಲ್ಲಿಸಲು ಅದೇ ಆಧಾರ. ದೊಡ್ಡ ಕೊರಿಯರ್ ಸಂಸ್ಥೆಗಳು ಸಾಮಾನ್ಯವಾಗಿ ವರ್ಷಕ್ಕೊಮ್ಮೆ ದರ ಏರಿಸುತ್ತವೆ, ಹಬ್ಬದ ದಟ್ಟಣೆಯ ತಿಂಗಳುಗಳಲ್ಲಿ ಮೇಲುಶುಲ್ಕ ಹಾಕುವುದೂ ಉಂಟು. ಹೊಸ ದರಪಟ್ಟಿ ಬಂದ ದಿನವೇ ನಿಮ್ಮ ಅಂಕಿಗಳನ್ನೂ ತಿದ್ದಿ.

ಕೊನೆಗೊಂದು ಸಣ್ಣ, ಆದರೆ ಪದೇ ಪದೇ ಎದುರಾಗುವ ವಿಷಯ. ಒಬ್ಬರೇ ಗ್ರಾಹಕರು ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ಆರ್ಡರ್ ಹಾಕಿ ಎರಡಕ್ಕೂ ಪೂರ್ತಿ ಶಿಪ್ಪಿಂಗ್ ಕೊಟ್ಟಿರುತ್ತಾರೆ. ಇಬೇಯಲ್ಲಿ ಹಣ ಕೊಡುವ ಮೊದಲೇ ಅವರು ಒಟ್ಟು ಬಿಲ್ ಕೇಳಬಹುದು, ನೀವೂ ಎರಡನ್ನು ಸೇರಿಸಿ ಒಂದೇ ಬಿಲ್ ಕಳಿಸಬಹುದು. ಬೇರೆ ಕಡೆ ಹಣ ಬಂದುಬಿಟ್ಟಿರುತ್ತದೆ. ಆಗ ಅವರು ಕೇಳುವವರೆಗೆ ಕಾಯಬೇಡಿ. ವಿಳಾಸ ಒಂದೇ ಎಂದು ಖಚಿತ ಮಾಡಿಕೊಂಡು, ಒಟ್ಟಿಗೆ ಪ್ಯಾಕ್ ಮಾಡಿ, ವ್ಯತ್ಯಾಸವನ್ನು ರಿಫಂಡ್ ಮಾಡಿ, ಎರಡು ಸಾಲು ಬರೆಯಿರಿ: ‘ನಿಮ್ಮ ಎರಡೂ ಆರ್ಡರ್‌ಗಳನ್ನು ಒಂದೇ ಪಾರ್ಸೆಲ್‌ನಲ್ಲಿ ಕಳಿಸುತ್ತಿದ್ದೇವೆ. ಹೆಚ್ಚಾಗಿ ಬಂದಿದ್ದ ಶಿಪ್ಪಿಂಗ್ 45 ಅನ್ನು ಇವತ್ತೇ ವಾಪಸ್ ಹಾಕಿದ್ದೇವೆ.’